ರೋಹ್ರಿಯ ಶಿಲೆಯೂ ಸತ್ಯದ ತೂಕವೂ

ಸಿಂಧ್ ಪ್ರಾಂತದ ಸಕ್ಕರ್ ನಗರದ ಸಮೀಪ, ಸಿಂಧೂ ನದಿಯ ಎಡದಂಡೆಯಲ್ಲಿ ರೋಹ್ರಿ ಬೆಟ್ಟಗಳಿವೆ. ಅಲ್ಲಿನ ಸುಣ್ಣಕಲ್ಲಿನ ನಡುವೆ ದೊರೆಯುವ ‘ಚರ್ಟ್’ ಚಕಮಕಿ ಕಲ್ಲಿನ ಜಾತಿಗೆ ಸೇರಿದ ಶಿಲೆ. ಸುಮಾರು 4500 ವರ್ಷಗಳ ಹಿಂದೆ ಹರಪ್ಪಾ ಸಂಸ್ಕೃತಿಯ ಜನರು ಇದನ್ನು ಅಗೆದು ತೆಗೆದು ನೀಳವಾದ ಅಲಗುಗಳನ್ನು ಸಿದ್ಧಪಡಿಸುತ್ತಿದ್ದರು.

ಬೂದು ಅಥವಾ ನಸುಗಂದು ಬಣ್ಣ, ನುಣುಪಾದ ಒಡಲು, ಹೊರಮೈಗೆ ಅಂಟಿದ ಸುಣ್ಣಕಲ್ಲಿನ ಸಿಪ್ಪೆ, ಇವು ಈ ಶಿಲೆಯ ಲಕ್ಷಣಗಳು. ಬಣ್ಣವೊಂದನ್ನೇ ನಂಬಲಾಗದು, ಮೂಲಗಣಿಯ ಶಿಲೆಯೊಡನೆ ಹೋಲಿಸಿದ ಬಳಿಕವೇ ವಿದ್ವಾಂಸರು ನಿರ್ಣಯಿಸುವರು. ಕನ್ನಡಿಗರಾದ ಡಾ. ಎಸ್. ಆರ್. ರಾವ್ ಅವರು 1955ರಿಂದ 1960ರವರೆಗೆ ಉತ್ಖನನ ನಡೆಸಿದ ಗುಜರಾತಿನ ಲೋಥಲಿನಲ್ಲಿಯೂ ಇಂತಹ ನೀಳ ಅಲಗುಗಳು ದೊರೆತಿವೆ. ಶಿಲೆಯ ಗುರುತಿನಿಂದಲೇ ಪ್ರಾಚೀನ ವಾಣಿಜ್ಯದ ಹಾದಿ ತಿಳಿಯುತ್ತದೆ.

ಹರಪ್ಪಾ ವರ್ತಕರ ಘನಾಕೃತಿಯ ತೂಕದ ಕಲ್ಲುಗಳಲ್ಲಿ ಬಹಳಷ್ಟು ಚರ್ಟ್ ಶಿಲೆಯವೇ. ಅವು 1, 2, 4, 8, 16 ಎಂದು ಇಮ್ಮಡಿಯಾಗುತ್ತ ಸಾಗುವವು. 16ರ ಕಲ್ಲು ಸುಮಾರು 13.7 ಗ್ರಾಂ. ದೂರದೂರದ ಪಟ್ಟಣಗಳಲ್ಲಿಯೂ ಇದೇ ಪ್ರಮಾಣ ನಡೆಯುತ್ತಿತ್ತು.

ಕೊಳ್ಳುವಾಗ ಹೆಚ್ಚು, ಕೊಡುವಾಗ ಕಡಿಮೆ ತೂಗುವ ಹೀನಾಧಿಕಮಾನೋನ್ಮಾನವು ಅಚೌರ್ಯಾಣುವ್ರತದ ಅತಿಚಾರಗಳಲ್ಲೊಂದು. ಬಣ್ಣಕ್ಕೆ ಮರುಳಾಗದೆ ಕಲ್ಲನ್ನು ಪರೀಕ್ಷಿಸುವಂತೆ, ಶ್ರಾವಕನು ತನ್ನ ತಕ್ಕಡಿಯನ್ನೂ ನಿತ್ಯ ಪರೀಕ್ಷಿಸಿಕೊಳ್ಳಬೇಕು.