ಸ್ವಸ್ಥ ಶ್ವಾಸಕೋಶ ಎಂಬ ಅಳತೆಗೋಲು: ಪೆಪ್ಟೈಡ್ ಕತ್ತರಿಸುವ ಕಿಣ್ವಗಳ ಕುರಿತು ಒಂದು ಟಿಪ್ಪಣಿ

ಶ್ವಾಸಕೋಶದ ಗಡ್ಡೆಯಲ್ಲಿ ಒಂದು ಕಿಣ್ವ ಹೆಚ್ಚಿದೆ ಅಥವಾ ಕಡಿಮೆಯಿದೆ ಎಂದು ಬರೆಯುವಾಗ ಅದರ ಎದುರಿಗೆ ಒಂದು ‘ಸ್ವಸ್ಥ’ ತುಣುಕು ಇರಲೇಬೇಕು. ಆ ತುಣುಕು ಸಾಮಾನ್ಯವಾಗಿ ಅದೇ ರೋಗಿಯದು. ಶಸ್ತ್ರಚಿಕಿತ್ಸೆಯಲ್ಲಿ ಹಾಲೆಯನ್ನು ತೆಗೆದಾಗ ಗಡ್ಡೆಯಿಂದ ಸ್ವಲ್ಪ ದೂರದಲ್ಲಿ, ಕಣ್ಣಿಗೆ ಚೆನ್ನಾಗಿ ಕಂಡ ಭಾಗವನ್ನು ಕೊಯ್ದು ಇಟ್ಟುಕೊಳ್ಳುತ್ತಾರೆ. ರೋಗಿಗಳಲ್ಲಿ ಹೆಚ್ಚಿನವರು ದಶಕಗಳ ಕಾಲ ಸಿಗರೇಟು ಸೇದಿದವರು. ಪೆಪ್ಟೈಡ್‌ಗಳನ್ನು ಕತ್ತರಿಸುವ ಕಿಣ್ವಗಳ ಬಗ್ಗೆ ಒಂದಕ್ಕೊಂದು ಹೊಂದದ ವರದಿಗಳು ಸಾಕಷ್ಟಿವೆ. ಆ ಗೊಂದಲದ ಒಂದು ದೊಡ್ಡ ಪಾಲು ಹುಟ್ಟುವುದು ಹೋಲಿಕೆಗೆ ಹಿಡಿದ ಈ ತುಣುಕಿನಲ್ಲೇ ಎಂಬುದು ನನ್ನ ವಾದ.

ಇದನ್ನು ಪರೀಕ್ಷಿಸಲು ನೆಪ್ರಿಲೈಸಿನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊಲದ ಮೂತ್ರಪಿಂಡದಲ್ಲಿ ಇದನ್ನು 1974ರಲ್ಲಿ ಕೆರ್ ಮತ್ತು ಕೆನ್ನಿ ಗುರುತಿಸಿದರು. ಜೀವಕೋಶದ ಹೊರಮೈಗೆ ಅಂಟಿಕೊಂಡು, ಸತುವಿನ ನೆರವಿನಿಂದ ಸಣ್ಣ ಪೆಪ್ಟೈಡ್‌ಗಳನ್ನು ತುಂಡರಿಸುವುದು ಇದರ ಕೆಲಸ. ರಕ್ತಕ್ಯಾನ್ಸರ್ ತಜ್ಞರು ಸಿಡಿ10 ಎಂದು ಕರೆಯುತ್ತಿದ್ದ ಗುರುತೂ ಇದೇ ಅಣು ಎಂಬುದು 1980ರ ದಶಕದ ಕೊನೆಗೆ ಸ್ಪಷ್ಟವಾಯಿತು. ಶ್ವಾಸನಾಳದಲ್ಲಿ ಇದು ಸಬ್‌ಸ್ಟೆನ್ಸ್ ಪಿ, ಬ್ರಾಡಿಕೈನಿನ್‌ನಂಥ ಕೆರಳಿಸುವ ಪೆಪ್ಟೈಡ್‌ಗಳನ್ನು ಅಲ್ಲಲ್ಲೇ ಮುಗಿಸಿಬಿಡುತ್ತದೆ. ಕೆಮ್ಮು, ನಾಳದ ಬಿಗಿತ ಹದ್ದುಮೀರದಿರಲು ಇದೂ ಒಂದು ಕಾರಣ.

ಕ್ಯಾನ್ಸರ್‌ಗೂ ಇದಕ್ಕೂ ನಂಟು ಕಲ್ಪಿಸಿದ್ದು ಒಂದು ಕಪ್ಪೆ. ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ತಂಡ 1970ರ ಹೊತ್ತಿಗೆ ಯುರೋಪಿನ ಬಾಂಬಿನಾ ಕಪ್ಪೆಯ ಚರ್ಮದಿಂದ 14 ಅಮೈನೊ ಆಮ್ಲಗಳ ಬಾಂಬೆಸಿನ್ ಅನ್ನು ಬೇರ್ಪಡಿಸಿತು. ಸಸ್ತನಿಗಳಲ್ಲಿ ಅದರ ದಾಯಾದಿ 27 ಅಮೈನೊ ಆಮ್ಲಗಳ ಜಿಆರ್‌ಪಿ (ಗ್ಯಾಸ್ಟ್ರಿನ್ ಬಿಡುಗಡೆಯ ಪೆಪ್ಟೈಡ್); ಅದು ಹಂದಿಯ ಜಠರದಲ್ಲಿ ಸಿಕ್ಕಿತು. 1981ರಲ್ಲಿ ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರ್‌ನಲ್ಲಿ ಬಾಂಬೆಸಿನ್ ಮಾದರಿಯ ಪೆಪ್ಟೈಡ್ ಹೇರಳವಾಗಿದೆ ಎಂಬ ವರದಿ ಬಂತು. 1985ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕುಟ್ಟಿಟ್ಟಾ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ ಕೋಶಗಳು ತಾವೇ ಸ್ರವಿಸಿದ ಪೆಪ್ಟೈಡನ್ನು ತಮ್ಮದೇ ಗ್ರಾಹಕಗಳಿಂದ ಹಿಡಿದು ಬೆಳೆಯುತ್ತವೆ, ಪೆಪ್ಟೈಡನ್ನು ಕಟ್ಟಿಹಾಕುವ ಪ್ರತಿಕಾಯ ಕೊಟ್ಟರೆ ಆ ಬೆಳವಣಿಗೆ ತಗ್ಗುತ್ತದೆ ಎಂದು ಅವರು ತೋರಿಸಿದರು.

ಈ ಪೆಪ್ಟೈಡ್‌ನ ಬಾಲದ ಕಡೆ ನೋಡಬೇಕು. ಬಾಂಬೆಸಿನ್, ಜಿಆರ್‌ಪಿ ಎರಡರ ತುದಿಯೂ ಹಿಸ್ಟಿಡಿನ್, ಲ್ಯೂಸಿನ್, ಮೆಥಿಯೊನಿನ್. ಕೊನೆಯದರ ಮೇಲೆ ಒಂದು ಅಮೈಡ್ ಟೋಪಿ. ಗ್ರಾಹಕ ಗುರುತಿಸುವುದು ಈ ತುದಿಯನ್ನೇ. ನೆಪ್ರಿಲೈಸಿನ್ ಕತ್ತರಿ ಹಾಕುವ ಜಾಗಗಳಲ್ಲಿ ಹಿಸ್ಟಿಡಿನ್ ಮತ್ತು ಲ್ಯೂಸಿನ್ ನಡುವಿನದೂ ಒಂದು. ಎರಡೇ ಅಮೈನೊ ಆಮ್ಲ ಉದುರಿದರೆ ಸಾಕು, ಉಳಿದ ಉದ್ದನೆಯ ಸರಪಳಿ ಗ್ರಾಹಕದ ಪಾಲಿಗೆ ನಿರುಪಯೋಗಿ. ಬಾಸ್ಟನ್ನಿನ ಮಾರ್ಗರೆಟ್ ಶಿಪ್ ತಂಡ 1991ರಲ್ಲಿ ಇದನ್ನು ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಜೋಡಿಸಿತು. ನೆಪ್ರಿಲೈಸಿನ್ ಅನ್ನು ತಡೆದರೆ ಸಣ್ಣಕೋಶದ ಕ್ಯಾನ್ಸರ್ ಕೋಶಗಳು ಹೆಚ್ಚು ಬೆಳೆದವು, ಕಿಣ್ವವನ್ನು ಹೊರಗಿನಿಂದ ಸೇರಿಸಿದರೆ ಕಡಿಮೆ ಬೆಳೆದವು. ಅವುಗಳ ಮೈಮೇಲೆ ಈ ಕಿಣ್ವ ಅತ್ಯಲ್ಪ ಎಂಬುದೂ ಕಂಡುಬಂತು. ಕಿಣ್ವ ಕಳೆದುಕೊಂಡ ಕೋಶ ತನ್ನ ಪೆಪ್ಟೈಡ್‌ನ ಲಾಭವನ್ನು ಪೂರ್ತಿ ಉಣ್ಣುತ್ತದೆ ಎಂಬ ಚಿತ್ರ ಇದರಿಂದ ಮೂಡಿತು.

ಚಿತ್ರ ಸೊಗಸಾಗಿದೆ, ನಾನೂ ಒಪ್ಪುತ್ತೇನೆ. ಆದರೆ ಇದು ಪ್ರಯೋಗಶಾಲೆಯ ಕೋಶಸಾಲುಗಳ ಮೇಲೆ ನಿಂತದ್ದು. ಸಣ್ಣಕೋಶದ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಹರಡಿರುತ್ತದೆ, ಶಸ್ತ್ರಚಿಕಿತ್ಸೆ ಅಪರೂಪ. ಆದ್ದರಿಂದ ಗಡ್ಡೆ ಮತ್ತು ಪಕ್ಕದ ಅಂಗಾಂಶದ ಜೋಡಿ ಮಾದರಿಗಳು ಬಹುಪಾಲು ಬೇರೆ ಬಗೆಯ ಕ್ಯಾನ್ಸರ್‌ಗಳಿಂದ, ಅಂದರೆ ಅಡಿನೊಕಾರ್ಸಿನೋಮಾ, ಸ್ಕ್ವಾಮಸ್ ಕಾರ್ಸಿನೋಮಾಗಳಿಂದ ಬಂದವು. ಸಿದ್ಧಾಂತ ಒಂದು ರೋಗದ್ದು, ಅಳತೆ ಇನ್ನೊಂದರದ್ದು. ಇವೆರಡನ್ನು ಒಂದೇ ಪ್ಯಾರಾದಲ್ಲಿ ಬೆರೆಸಿದ ವಿಮರ್ಶಾ ಲೇಖನಗಳನ್ನು ಎಚ್ಚರದಿಂದ ಓದಬೇಕು.

1996ರಲ್ಲಿ ಕೋಹೆನ್, ಫ್ರಾಂಕ್ಲಿನ್, ಮಿಲ್ಲರ್ ಮೊದಲಾದವರು ಪ್ರಕಟಿಸಿದ ಕೆಲಸ ನನ್ನ ಮಟ್ಟಿಗೆ ಇಲ್ಲಿ ನಿರ್ಣಾಯಕ. ಕ್ಯಾನ್ಸರ್‌ನಲ್ಲಿ ನೆಪ್ರಿಲೈಸಿನ್ ನಿಷ್ಕ್ರಿಯವಾಗುವುದನ್ನು ಅದು ವರದಿ ಮಾಡಿತು. ಜೊತೆಗೆ ಕ್ಯಾನ್ಸರ್ ಇಲ್ಲದ ಶ್ವಾಸಕೋಶದಲ್ಲೂ ಕಿಣ್ವದ ಪ್ರಮಾಣ ಒಬ್ಬರಿಂದೊಬ್ಬರಿಗೆ ಏರುಪೇರಾಗುವುದನ್ನೂ ಶೀರ್ಷಿಕೆಯಲ್ಲೇ ಹೇಳಿತು. ಉಲ್ಲೇಖಿಸುವವರು ಮೊದಲ ಅರ್ಧವನ್ನೇ ಎತ್ತಿಕೊಳ್ಳುವುದು ಹೆಚ್ಚು. ಎರಡನೆಯ ಅರ್ಧದ ಹಿಂದೆ ಇನ್ನೊಂದು ಹಳೆಯ ಪ್ರಯೋಗವಿದೆ. 1989ರಲ್ಲಿ ಡ್ಯೂಸೆರ್ ಮತ್ತು ಸಹೋದ್ಯೋಗಿಗಳು ಗಿನಿಯಿಲಿಗಳಿಗೆ ಸಿಗರೇಟು ಹೊಗೆ ಹಾಕಿದಾಗ ಶ್ವಾಸನಾಳದ ನೆಪ್ರಿಲೈಸಿನ್ ನಿಷ್ಕ್ರಿಯವಾಗಿತ್ತು, ಸಬ್‌ಸ್ಟೆನ್ಸ್ ಪಿ ಕೊಟ್ಟರೆ ನಾಳ ಅತಿಯಾಗಿ ಬಿಗಿಯುತ್ತಿತ್ತು. ಧೂಮಪಾನಿಯ ಗಡ್ಡೆ ಪಕ್ಕದ ಅಂಗಾಂಶದ ಕಿಣ್ವವನ್ನೂ ಹೊಗೆ ಹೀಗೆ ತಟ್ಟಿದ್ದರೆ, ಅದನ್ನು ನೂರು ಎಂದಿಟ್ಟುಕೊಂಡು ಗಡ್ಡೆಯನ್ನು ಅಳೆದಾಗ ಇಳಿಕೆ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ದೋಷ ಇನ್ನೊಂದು ದಿಕ್ಕಿನಿಂದಲೂ ಬರಬಹುದು. ಬಲಿತ ನ್ಯೂಟ್ರೊಫಿಲ್‌ಗಳ ಮೇಲೆ ಸಿಡಿ10 ಧಾರಾಳವಾಗಿರುವುದರಿಂದ ಗಡ್ಡೆಯಲ್ಲಿ ಉರಿಯೂತವಿದ್ದರೆ ಅರೆದು ಅಳೆದ ಮಾದರಿಯಲ್ಲಿ ಕಿಣ್ವ ‘ಹೆಚ್ಚಿದೆ’ ಎಂದು ಬರುತ್ತದೆ, ಕ್ಯಾನ್ಸರ್ ಕೋಶದಲ್ಲಿ ಒಂದು ಅಣುವೂ ಇಲ್ಲದಿದ್ದರೂ.

ಆಂಜಿಯೊಟೆನ್ಸಿನ್ ಅನ್ನು ಪರಿವರ್ತಿಸುವ ಕಿಣ್ವವಾದ ಎಸಿಇಯ ವಿಷಯ ಇನ್ನೂ ಸರಳ. ಆಂಜಿಯೊಟೆನ್ಸಿನ್ ಪರಿವರ್ತನೆ ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ನಡೆಯುತ್ತದೆ ಎಂದು 1967ರಲ್ಲೇ ಎನ್‌ಜಿ ಮತ್ತು ಜಾನ್ ವೇನ್ ತೋರಿಸಿದ್ದರು. ಇದೇ ಕಿಣ್ವ ಒಡೆಯುವ ಬ್ರಾಡಿಕೈನಿನ್‌ನ ಬಹುಪಾಲು ಶ್ವಾಸಕೋಶವನ್ನು ಒಮ್ಮೆ ಹಾಯುವಷ್ಟರಲ್ಲೇ ನಾಶವಾಗುತ್ತದೆ. ವಾಯುಕೋಶಗಳ ಗೋಡೆ ಅಂದರೆ ಬಹುತೇಕ ಲೋಮನಾಳಗಳ ಜಾಲ, ಅದರ ಒಳಪದರ ಪೂರ್ತಿ ಎಸಿಇ. ಕೋಶಗಳು ಒತ್ತೊತ್ತಾಗಿ ತುಂಬಿದ ಗಡ್ಡೆಯಲ್ಲಿ ಆ ಜಾಲ ಇಲ್ಲ. ಹಾಗಿರುವಾಗ ಒಂದು ಮಿಲಿಗ್ರಾಂ ಪ್ರೋಟೀನ್‌ಗೆ ಎಸಿಇ ಕಡಿಮೆ ಎಂಬ ಫಲಿತಾಂಶ ವಾಸ್ತುಶಿಲ್ಪದ ಸುದ್ದಿ. ಕ್ಯಾನ್ಸರ್ ಕೋಶ ಏನನ್ನಾದರೂ ‘ಕಳೆದುಕೊಂಡಿತು’ ಎನ್ನಲು ಅದರಿಂದ ಆಗದು.

ಎಸಿಇ ತಡೆಯುವ ಮಾತ್ರೆಗಳ ಬಗ್ಗೆ ಓದುಗರು ಕೇಳಿಯೇ ಕೇಳುತ್ತಾರೆ. ರಾಮಿಪ್ರಿಲ್, ಎನಾಲಪ್ರಿಲ್ ನುಂಗುವವರಲ್ಲಿ ಕೆಲವರಿಗೆ ಬರುವ ಒಣಕೆಮ್ಮಿಗೆ ಬ್ರಾಡಿಕೈನಿನ್, ಸಬ್‌ಸ್ಟೆನ್ಸ್ ಪಿ ಉಳಿದುಕೊಳ್ಳುವುದೇ ಕಾರಣ ಎನ್ನಲಾಗಿದೆ. 2018ರಲ್ಲಿ ಬ್ರಿಟನ್ನಿನ 9,92,061 ರೋಗಿಗಳ ದಾಖಲೆ ಆಧರಿಸಿದ ಅಧ್ಯಯನ, ಆಂಜಿಯೊಟೆನ್ಸಿನ್ ಗ್ರಾಹಕ ತಡೆಯುವ ಮಾತ್ರೆ ತೆಗೆದುಕೊಂಡವರಿಗೆ ಹೋಲಿಸಿದರೆ ಎಸಿಇ ತಡೆಯುವ ಮಾತ್ರೆ ನುಂಗುವವರಲ್ಲಿ ಶ್ವಾಸಕೋಶ ಕ್ಯಾನ್ಸರ್ ಅಪಾಯ ಶೇ. 14ರಷ್ಟು ಹೆಚ್ಚು ಎಂದಿತು. ಸಾವಿರ ಜನರಲ್ಲಿ ವರ್ಷಕ್ಕೆ 1.6 ಪ್ರಕರಣ, ಎದುರಿನವರಲ್ಲಿ 1.2. ವ್ಯತ್ಯಾಸ ಚಿಕ್ಕದು, ಅಧ್ಯಯನ ವೀಕ್ಷಣೆಯದು. ಕೆಮ್ಮು ಬಂದವರಿಗೆ ಎದೆಯ ಚಿತ್ರ ತೆಗೆಸುವುದೂ ಹೆಚ್ಚಾದ್ದರಿಂದ ಕ್ಯಾನ್ಸರ್ ಪತ್ತೆಯಾಗುವುದೂ ಹೆಚ್ಚಿರಬಹುದು. ಇದನ್ನು ಓದಿ ಬಿಪಿ ಮಾತ್ರೆ ನಿಲ್ಲಿಸುವಂತಿಲ್ಲ.

ಪೆಪ್ಟೈಡನ್ನು ಕೆಡವುವ ಕಿಣ್ವಗಳಂತೆ ಉದ್ದನೆಯ ಪೂರ್ವರೂಪದಿಂದ ಅದನ್ನು ಕಡೆದು ತೆಗೆಯುವವೂ ಇವೆ. ಅಂಥ ಒಂದು ಕಿಣ್ವವಾದ ಫ್ಯೂರಿನ್‌ನ ಜೀನ್ ಸಂದೇಶ ಸಣ್ಣಕೋಶದ್ದಲ್ಲದ ಗಡ್ಡೆಗಳಲ್ಲಿ ಹೆಚ್ಚು, ಸಣ್ಣಕೋಶದವುಗಳಲ್ಲಿ ಕಡಿಮೆ ಎಂದು 1987ರಲ್ಲೇ ಷಾಲ್ಕೆನ್ ತಂಡ ತೋರಿಸಿತ್ತು. ಗಡ್ಡೆಯನ್ನು ಗಡ್ಡೆಯೊಂದಿಗೇ ಹೋಲಿಸಿದ್ದರಿಂದ ಆ ವ್ಯತ್ಯಾಸ ನಂಬಲು ಸುಲಭ.

ಡಿಪಿಪಿ-4 ಮತ್ತು ಎಫ್‌ಎಪಿ ಎಂಬ ಅಣ್ಣತಮ್ಮ ಕಿಣ್ವಗಳಲ್ಲಿ ತೊಡಕು ಅಳೆಯುವ ವಿಧಾನಕ್ಕೂ ಹಬ್ಬುತ್ತದೆ. ಎರಡೂ ಪ್ರೋಲಿನ್ ಆದಮೇಲೆ ಕತ್ತರಿಸುತ್ತವೆ. ಗ್ಲೈಸಿನ್-ಪ್ರೋಲಿನ್‌ಗೆ ಬಣ್ಣದ ಅಣು ಜೋಡಿಸಿದ ಪರೀಕ್ಷಾವಸ್ತುವನ್ನು ಎರಡೂ ಒಡೆಯುವುದರಿಂದ ಅಂಗಾಂಶದ ಬಿಲ್ಲೆ ಬಣ್ಣಕ್ಕೆ ತಿರುಗಿದರೆ ಬಣ್ಣ ಯಾರದೆಂದು ಹೇಳಲಾಗದು. ಅಮೈನೊ ತುದಿಯನ್ನು ಮುಚ್ಚಿದ ಪರೀಕ್ಷಾವಸ್ತು ಕೊಟ್ಟರೆ ಡಿಪಿಪಿ-4 ಸುಮ್ಮನಾಗುತ್ತದೆ, ಎಫ್‌ಎಪಿ ಒಡೆಯುತ್ತಲೇ ಇರುತ್ತದೆ. ಆದರೆ ಆಗ ಪ್ರೋಲಿಲ್ ಆಲಿಗೊಪೆಪ್ಟಿಡೇಸ್ ಎಂಬ ಮೂರನೆಯದೂ ಕೈಹಾಕುತ್ತದೆ. ಡಿಪಿಪಿ-4 ಮರಳಿ ಮೂಡಿಸಿದಾಗ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಕುಗ್ಗಿತು ಎಂಬ 2004ರ ವರದಿ, ಅಡಿನೊಕಾರ್ಸಿನೋಮಾದಲ್ಲಿ ಅದೇ ಕಿಣ್ವ ಚುರುಕಾಗಿದೆ ಎಂಬ ಅದಕ್ಕೂ ಹಿಂದಿನ ವರದಿ, ಇವೆರಡನ್ನು ಮುಖಾಮುಖಿ ನಿಲ್ಲಿಸುವ ಮೊದಲು ಯಾರು ಯಾವ ಪರೀಕ್ಷಾವಸ್ತು ಬಳಸಿದರು ಎಂದು ನೋಡಬೇಕು.

ಎಫ್‌ಎಪಿಯಲ್ಲಿ ಮಾತ್ರ ಹೋಲಿಕೆಯ ತುಣುಕು ಕಾಟ ಕೊಡುವುದಿಲ್ಲ ಎನಿಸುತ್ತದೆ. ಗಡ್ಡೆಯನ್ನು ಸುತ್ತಿದ ನಾರುಕೋಶಗಳಲ್ಲಿ ಅದು ದಟ್ಟ, ಸ್ವಸ್ಥ ಅಂಗಾಂಶದಲ್ಲಿ ಇಲ್ಲವೆಂಬಷ್ಟು ಕಡಿಮೆ. ಹೈಡಲ್‌ಬರ್ಗ್‌ನ ತಂಡ 2018ರಲ್ಲಿ ಎಫ್‌ಎಪಿಗೆ ಅಂಟುವ ವಿಕಿರಣ ಗುರುತುಗಳನ್ನು ಪೆಟ್ ಸ್ಕ್ಯಾನಿಗೆ ತಂದದ್ದೂ ಈ ಅಂತರದ ಬಲದಿಂದಲೇ. ಆದರೂ ನಾರುಗಟ್ಟುತ್ತಿರುವ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇಲ್ಲದೆಯೂ ಇದೇ ಕಿಣ್ವ ಏಳುತ್ತದೆ, ಸ್ಕ್ಯಾನ್ ಅದನ್ನೂ ಹೊಳೆಯಿಸುತ್ತದೆ. ಫೈಬ್ರೋಸಿಸ್ ಇರುವ ಧೂಮಪಾನಿಯಲ್ಲಿ ಹೊಳೆದ ಜಾಗ ಯಾವುದೆಂದು ತಿಳಿಯಲು ಬಯಾಪ್ಸಿಯ ಸೂಜಿಯನ್ನೇ ನೆಚ್ಚಬೇಕು.