ಮಾನ ಯಾರ ಸೊತ್ತು?

ನಮ್ಮ ನಿಟ್ಟೂರಿನಿಂದ ಅರಸೀಕೆರೆ ಕಡೆಗೆ ಹೊರಟರೆ ಸಂಪಿಗೆ ರೋಡ್ ಎಂಬ ರೈಲು ನಿಲ್ದಾಣ ಸಿಗುತ್ತದೆ. ಸಂಪಿಗೆ ತುರುವೇಕೆರೆ ತಾಲ್ಲೂಕಿನ ಊರು. ಬಿ.ಎಂ.ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ಅಲ್ಲಿ, ತಾಯಿಯ ತವರಿನಲ್ಲಿ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷವೇ. ಕಂಪನಿ ನಾಟಕದ ಹಾಡುಗಳನ್ನು ಗುನುಗುವ ನಾವು, ಪಕ್ಕದೂರಲ್ಲಿ ಹುಟ್ಟಿದ ಶ್ರೀಯವರ ‘ಅಶ್ವತ್ಥಾಮನ್’ ನಾಟಕವನ್ನು ಅಷ್ಟಾಗಿ ಓದಿದವರಲ್ಲ. ಮಾನ, ಮರ್ಯಾದೆ ಎಂಬ ಮಾತು ಮನೆಯಲ್ಲಿ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ನಾಟಕವೇ.

ಇದು 1929ರ ಕೃತಿ. ಇದರ ಮೂಲ ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಕವಿ ಸೋಫೋಕ್ಲಿಸನ ‘ಏಜಾಕ್ಸ್’. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೇ ಸಲ್ಲಬೇಕೆಂದು ಏಜಾಕ್ಸನ ಎಣಿಕೆ. ಅವು ಒಡಿಸ್ಯೂಸನ ಪಾಲಾದವು. ಅವಮಾನದಿಂದ ಕುದಿದ ಏಜಾಕ್ಸ್ ರಾತ್ರೋರಾತ್ರಿ ತನ್ನ ಪಕ್ಷದ ನಾಯಕರನ್ನೇ ಕೊಲ್ಲಲು ಹೊರಟ. ಅಥೀನಾ ದೇವತೆ ಅವನಿಗೆ ಭ್ರಮೆ ಕವಿಸಿದಳು. ಬೆಳಗಾಗಿ ನೋಡಿದರೆ ಅವನು ಕಡಿದು ಹಾಕಿದ್ದು ದನಕುರಿಗಳನ್ನು! ಇದೇ ಟ್ರಾಯಿನಿಂದ ಕೀರ್ತಿ ಹೊತ್ತು ಮರಳಿದ್ದ ತಂದೆಗೆ ಹೇಗೆ ಮುಖ ತೋರಿಸುವುದೆಂಬ ಸಂಕಟ ಅವನಿಗೆ. ಸತ್ತರಾದರೂ ಮಾನ ಉಳಿದೀತೆಂದು ತನ್ನ ಕತ್ತಿಗೇ ಬಲಿಯಾದ.

ಈ ಏಜಾಕ್ಸನ ಜಾಗದಲ್ಲಿ ಶ್ರೀಯವರು ದ್ರೋಣರ ಮಗನನ್ನು ತಂದು ನಿಲ್ಲಿಸಿದರು. ನಮ್ಮ ಮಹಾಭಾರತದಲ್ಲಿ ಅಶ್ವತ್ಥಾಮ ಸಾಯುವುದಿಲ್ಲ. ಮಲಗಿದ್ದವರನ್ನು ಕೊಂದು, ಗರ್ಭದ ಶಿಶುವಿನ ಮೇಲೂ ಅಸ್ತ್ರ ಬಿಟ್ಟದ್ದಕ್ಕೆ, ಮೂರು ಸಾವಿರ ವರ್ಷ ಒಂಟಿಯಾಗಿ ಅಲೆ ಎಂಬ ಶಾಪ ಅವನಿಗೆ. ಅಂಥ ಚಿರಂಜೀವಿಯನ್ನು ಶ್ರೀಯವರು ಸಾಯಿಸಿದ್ದು ದೊಡ್ಡ ಚರ್ಚೆಗೇ ಕಾರಣವಾಯಿತು. ಒಂದು ಕಥೆಯಲ್ಲಿ ಕೆಟ್ಟ ಹೆಸರು ಹೊತ್ತು ಬದುಕುವುದೇ ಶಿಕ್ಷೆ. ಇನ್ನೊಂದರಲ್ಲಿ ಕೆಟ್ಟ ಹೆಸರಿನಿಂದ ಪಾರಾಗಲು ಸಾವೇ ದಾರಿ.

ಪಂಡಿತರ ಚರ್ಚೆ ಹಾಗಿರಲಿ. ಹೆಣ್ಣಾಗಿ ಓದುವಾಗ ನನ್ನ ಕಣ್ಣು ಹೋಗುವುದು ಏಜಾಕ್ಸನ ಮಡದಿ ಟೆಕ್ಮೆಸ್ಸಾಳ ಕಡೆಗೆ. ಅವಳು ಯುದ್ಧದಲ್ಲಿ ಸೆರೆಸಿಕ್ಕಿ ಬಂದವಳು. ತವರನ್ನು ಹಾಳುಮಾಡಿದವನೇ ಅವಳ ಗಂಡ. ಆದರೂ ಬೇಡುತ್ತಾಳೆ: ನೀನು ಸತ್ತ ದಿನವೇ ನಾನೂ ಮಗುವೂ ಕಂಡವರ ತೊತ್ತುಗಳಾಗುತ್ತೇವೆ, ಆಗ ಜನ ಆಡಿಕೊಳ್ಳುವುದು ನಿನ್ನ ಮನೆತನವನ್ನೇ ಅಲ್ಲವೇ, ಉಂಡ ಪ್ರೀತಿಯನ್ನು ಮರೆಯದಿರುವುದೂ ದೊಡ್ಡಸ್ತಿಕೆಯೇ ಅಲ್ಲವೇ ಎಂದು. ಅವನು ಕಿವಿಗೊಡುವುದಿಲ್ಲ. ಶ್ರೀಯವರಲ್ಲಿ ಈ ಪಾಲು ಭಾರ್ಗವಿಯದು.

ಮಾನ ತನ್ನೊಬ್ಬನದೇ ಎಂದು ಗಂಡಸು ತಿಳಿದ. ಅದರ ಸಾಲ ತೀರಿಸಬೇಕಾದವಳು ಹೆಂಡತಿ. ನಮ್ಮ ಊರುಗಳಲ್ಲಿ ಇದು ಹೊಸದೇ? ಸಾಲಗಾರ ಬಾಗಿಲಿಗೆ ಬಂದನೆಂದು ಮನೆಯ ಯಜಮಾನ ಜೀವ ಕಳೆದುಕೊಂಡರೆ, ಮರುದಿನ ಅದೇ ಸಾಲಗಾರನ ಮುಂದೆ ನಿಲ್ಲುವವಳು ಯಾರು? ಹತ್ತನೇ ತರಗತಿಯ ಫಲಿತಾಂಶ ಬರುವ ದಿನ ‘ಮಾನ ಕಳೆದೆ’ ಎಂಬ ಒಂದು ಮಾತಿಗೆ ಮಕ್ಕಳು ಹೆದರಿ ನಡುಗುವುದನ್ನು ಮೇಷ್ಟರಾದ ನಾವೆಲ್ಲ ಕಂಡಿದ್ದೇವೆ. ಅಂಕ ಮತ್ತೆ ಬರೆದು ಪಡೆಯಬಹುದು. ಮಗು?

ನಾಟಕದ ಕೊನೆಯನ್ನೂ ಹೇಳಬೇಕು. ಏಜಾಕ್ಸನ ಹೆಣವನ್ನು ಹೂಳಕೂಡದೆಂದು ನಾಯಕರು ಹಟ ಹಿಡಿಯುತ್ತಾರೆ. ಆಗ ಮುಂದೆ ಬಂದು, ಇವನು ವೀರ, ಇವನಿಗೆ ಸಂಸ್ಕಾರ ಸಲ್ಲಲೇಬೇಕು ಎಂದು ವಾದಿಸುವವನು ಯಾರೆಂದುಕೊಂಡಿರಿ? ಯಾರ ಮೇಲಿನ ಹಗೆಗಾಗಿ ಏಜಾಕ್ಸ್ ಇಷ್ಟೆಲ್ಲ ಮಾಡಿಕೊಂಡನೋ ಆ ಒಡಿಸ್ಯೂಸನೇ. ಕತ್ತಿಯಿಂದ ಉಳಿಸಿಕೊಳ್ಳಲಾಗದ ಮಾನವನ್ನು ಹಗೆಯವನ ನಾಲ್ಕು ಒಳ್ಳೆಯ ಮಾತು ಉಳಿಸಿತು.

ಹಾಗಾದರೆ ಮಕ್ಕಳ, ಸೊಸೆಯ, ನೆರೆಮನೆಯವಳ ಮಾನ ನಮ್ಮ ನಾಲಿಗೆಯ ಮೇಲೂ ಇದೆಯಲ್ಲವೇ? ‘ಅಶ್ವತ್ಥಾಮನ್’ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕರೆ ತಂದು ಓದಿ. ಹಳಗನ್ನಡದ ಛಾಯೆ ಇದೆಯೆಂದು ಹೆದರಬೇಡಿ. ಭಾರ್ಗವಿ ಬಂದಾಗ ಒಂದಿಷ್ಟು ನಿಧಾನಿಸಿ.