ಗಾಲಿಯ ಮೇಲಿನ ಕಾಳಗ

ಅಮೆರಿಕದ ಟೆಲಿವಿಷನ್ನಿನ ಚರಿತ್ರೆಯನ್ನು ಕುತೂಹಲದಿಂದ ತಿರುವಿ ಹಾಕುವವರಿಗೆ 1989ನೆಯ ಇಸವಿಯಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ಎಂಟರ ಅಂಕಿಯಂತೆ ಸುತ್ತಿ ಬಂದ ಒಂದು ಓಟದ ಹಾದಿ. ಅದರ ಒಂದು ತಿರುವಿನಲ್ಲಿ ಆಳೆತ್ತರವನ್ನು ಮೀರಿ ಎದ್ದುನಿಂತ ಕಡಿದಾದ ಗೋಡೆ. ಅದಕ್ಕೆ 'ಮೃತ್ಯುವಿನ ಗೋಡೆ' ಎಂದೇ ಹೆಸರು. ಸಾಲದೆಂಬಂತೆ ಮೊಸಳೆಗಳನ್ನು ಬಿಟ್ಟ ಒಂದು ಹೊಂಡ. ಗಾಲಿಪಾದುಕೆ ತೊಟ್ಟ ಗಂಡಸರೂ ಹೆಂಗಸರೂ ಒಬ್ಬರನ್ನೊಬ್ಬರು ತಳ್ಳುತ್ತ, ಉರುಳಿಸುತ್ತ ಈ ಹಾದಿಯಲ್ಲಿ ಧಾವಿಸುತ್ತಾರೆ. ಆಟ ಸಮಸಮವಾದರೆ ತೀರ್ಮಾನವಾಗುವುದು ಮೊಸಳೆಯ ಹೊಂಡದ ಬಳಿ. ಮಧ್ಯಂತರದಲ್ಲಿ ರಾಕ್ ಸಂಗೀತದ ಮೇಳ ಬೇರೆ! 'ರೋಲರ್ ಗೇಮ್ಸ್' ಎಂಬ ಈ ಪ್ರದರ್ಶನ ಹದಿಮೂರು ಕಂತು ನಡೆದು, ಹಣದ ಮುಗ್ಗಟ್ಟಿಗೆ ಸಿಕ್ಕಿ ನಿಂತುಹೋಯಿತು.

ಹದಿಮೂರೇ ಕಂತು. ಆದರೂ ಅದನ್ನು ಬಾಲ್ಯದಲ್ಲಿ ಕಂಡವರು ಇಂದಿಗೂ ಕಣ್ಣರಳಿಸಿ ನೆನೆಯುತ್ತಾರೆ. ಆ ವರ್ಷ ಹತ್ತರ ಪ್ರಾಯದಲ್ಲಿದ್ದವರು ಈಗ ನನ್ನ ಓರಗೆಯವರು. ಅವರ ಹಂಬಲ ನನಗೆ ಅರ್ಥವಾಗುತ್ತದೆ. ನಾನು ಅದನ್ನು ಅಪಹಾಸ್ಯ ಮಾಡಲಾರೆ. ಆದರೆ ಆ ಮೊಸಳೆಗಳ ಹಿಂದೆ ಅರ್ಧ ಶತಮಾನಕ್ಕೂ ಹೆಚ್ಚಿನ ಒಂದು ಕಥೆಯಿದೆ. ಮೊಸಳೆಗಳಿಲ್ಲದ ಆ ಕಥೆಯೇ ನನಗೆ ಹೆಚ್ಚು ರೋಚಕವಾಗಿ ಕಂಡಿದೆ.

ಅದರ ಮೂಲ ಇರುವುದು ಮಹಾ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ. ಕೆಲಸವಿಲ್ಲದ ಜನ ಅಲ್ಪಸ್ವಲ್ಪ ಬಹುಮಾನದ ಆಸೆಗೆ ಹಗಲಿರುಳು ಕುಣಿಯುವ, ನಡೆಯುವ ಪಂದ್ಯಗಳಿಗೆ ಇಳಿಯುತ್ತಿದ್ದ ಕಾಲ ಅದು. ಲಿಯೋ ಸೆಲ್ಟ್‌ಜರ್ ಎಂಬ ವ್ಯವಹಾರಸ್ಥ ಅಂಥ ಪಂದ್ಯಗಳನ್ನು ನಡೆಸಿ ಪಳಗಿದವನು. 1935ನೆಯ ಆಗಸ್ಟ್ 13ರಂದು ಷಿಕಾಗೋ ನಗರದ ಕೊಲಿಸಿಯಮ್ ಸಭಾಂಗಣದಲ್ಲಿ ಅವನು ಹೊಸತೊಂದನ್ನು ಆರಂಭಿಸಿದ. ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿ ಒಂದು ಜೋಡಿ. ಇವರು ಸರದಿಯ ಮೇಲೆ ಸಭಾಂಗಣದ ಸುತ್ತುಹಾದಿಯಲ್ಲಿ ಗಾಲಿಯ ಮೇಲೆ ಸುತ್ತುತ್ತಲೇ ಇರಬೇಕು; ದೇಶದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಎಷ್ಟು ದೂರವೋ ಅಷ್ಟು ದೂರ, ಸುಮಾರು ಮೂರು ಸಾವಿರ ಮೈಲಿ, ಕ್ರಮಿಸಬೇಕು. ಯಾವ ಜೋಡಿ ಎಲ್ಲಿಯವರೆಗೆ ಬಂತೆಂದು ಭೂಪಟದ ಮೇಲೆ ಗುರುತಿಸಿ ತೋರಿಸುವರು. ಮನೆ ಬಿಟ್ಟು ಹೊರಡಲು ಕೈಯಲ್ಲಿ ಕಾಸಿಲ್ಲದ ಪ್ರೇಕ್ಷಕ ಕೂತಲ್ಲಿಯೇ ದೇಶ ಸುತ್ತಿದ ಸುಖ ಪಡೆಯುತ್ತಿದ್ದ. ಊರ ಗುಡಿಯ ಸುತ್ತ ಪ್ರದಕ್ಷಿಣೆ ಹಾಕಿ ಕಾಶೀಯಾತ್ರೆಯ ಪುಣ್ಯ ಸಂಪಾದಿಸುವ ನಮ್ಮ ಅಜ್ಜಿಯರಿಗೆ ಈ ಲೆಕ್ಕಾಚಾರ ಕೂಡಲೇ ಹಿಡಿಸುತ್ತಿತ್ತು.

ಕೆಲವೇ ವರ್ಷಗಳಲ್ಲಿ ಆಟದ ಬಣ್ಣ ಬದಲಾಯಿತು. ಮಯಾಮಿಯಲ್ಲಿ ಪಂದ್ಯ ನೋಡಲು ಬಂದ ಡೇಮನ್ ರನ್ಯನ್ ಎಂಬ ಹೆಸರಾಂತ ಪತ್ರಕರ್ತ, ಓಟಗಾರರು ಆಕಸ್ಮಿಕವಾಗಿ ಡಿಕ್ಕಿ ಹೊಡೆದು ಬಿದ್ದಾಗಲೇ ಜನ ಎದ್ದುನಿಂತು ಕೂಗುವುದನ್ನು ಗಮನಿಸಿದ. ಡಿಕ್ಕಿಯನ್ನೇ ಆಟವಾಗಿಸಬಾರದೇಕೆಂದು ಸೆಲ್ಟ್‌ಜರನಿಗೆ ಸೂಚಿಸಿದನಂತೆ. ಅಲ್ಲಿಂದ ಮುಂದೆ ಅದು ದೂರದ ಓಟವಾಗಿ ಉಳಿಯಲಿಲ್ಲ. ಎರಡು ತಂಡಗಳ ಕಾಳಗವಾಯಿತು. ಒಳಮುಖವಾಗಿ ಇಳಿಜಾರಾದ ಮೊಟ್ಟೆಯಾಕಾರದ ಹಾದಿ. ಪ್ರತಿ ತಂಡದಿಂದ ಐವರು. ಗುಂಪಿನಿಂದ ಸಿಡಿದು ಹೊರಟವನು ಒಂದು ಸುತ್ತು ಹಾಕಿ ಹಿಂದಿನಿಂದ ಬಂದು ಎದುರಾಳಿಗಳನ್ನು ದಾಟಬೇಕು. ದಾಟಿದ ಒಬ್ಬೊಬ್ಬನಿಗೆ ಒಂದೊಂದು ಅಂಕ. ಅವನನ್ನು ಮೊಳಕೈಯಿಂದ, ಭುಜದಿಂದ, ಸೊಂಟದಿಂದ ತಡೆಯುವುದು ಉಳಿದವರ ಕೆಲಸ. ಹಾಗೆ ಹೊರಟವರಲ್ಲಿ ಮುಂದಿರುವವನು ಸೊಂಟದ ಮೇಲೆ ಎರಡು ಕೈಯಿಟ್ಟರೆ ಆ ಸರದಿ ಅಲ್ಲಿಗೆ ಮುಗಿಯಿತು.

'ಅವನು' ಎಂದು ಬರೆದೆ. ಇಲ್ಲಿ 'ಅವಳು' ಎಂದೂ ಓದಿಕೊಳ್ಳಬೇಕು. ಒಂದು ಅವಧಿ ಹೆಂಗಸರು, ಮರು ಅವಧಿ ಗಂಡಸರು. ಅದೇ ಹಾದಿ, ಅದೇ ನಿಯಮ. ಇಬ್ಬರ ಅಂಕಗಳೂ ಸೇರುವುದು ಒಂದೇ ಮೊತ್ತಕ್ಕೆ. 1930ರ ದಶಕದಲ್ಲಿ ಇಂಥ ಏರ್ಪಾಡಿದ್ದ ಇನ್ನೊಂದು ತಂಡದ ಆಟವನ್ನು ನನಗೆ ಯಾರಾದರೂ ತೋರಿಸಲಿ. ಸೆಲ್ಟ್‌ಜರ್ ಸ್ತ್ರೀಸಮಾನತೆಯ ವ್ರತ ಹಿಡಿದವನೇನಲ್ಲ. ಹೆಂಗಸರು ಆಡಿದರೆ ಹೆಂಗಸರು ನೋಡಲು ಬರುತ್ತಾರೆ ಎಂಬ ವ್ಯಾಪಾರದ ಬುದ್ಧಿ ಅವನಿಗಿತ್ತು. ವ್ಯಾಪಾರದ ಬುದ್ಧಿಯಿಂದ ಒಮ್ಮೊಮ್ಮೆ ಆದರ್ಶದಿಂದ ಆಗದ ಕೆಲಸವೂ ಆಗುತ್ತದೆ.

1937ನೆಯ ಮಾರ್ಚಿಯಲ್ಲಿ ಇಲಿನಾಯ್ ಪ್ರಾಂತದ ಸೇಲಂ ಎಂಬ ಊರಿನ ಬಳಿ ಆಟಗಾರರನ್ನು ಹೊತ್ತ ಬಸ್ಸು ಅಪಘಾತಕ್ಕೀಡಾಗಿ ಉರಿದುಹೋಯಿತು. ಸತ್ತವರು ಇಪ್ಪತ್ತರ ಸುಮಾರು. ಅವರ ನೆನಪಿಗಾಗಿ ಆ ಬಳಿಕ ಈ ಆಟದಲ್ಲಿ '1' ಎಂಬ ಅಂಕಿಯ ಅಂಗಿಯನ್ನು ಯಾರಿಗೂ ಕೊಡಲಿಲ್ಲ.

1948ರಲ್ಲಿ ನ್ಯೂಯಾರ್ಕಿನಿಂದ ಪಂದ್ಯಗಳ ಟೆಲಿವಿಷನ್ ಪ್ರಸಾರ ಪ್ರಾರಂಭವಾಯಿತು. ಆಗ ಟೆಲಿವಿಷನ್ ಇದ್ದ ಮನೆಗಳೇ ವಿರಳ. ಹೋಟೆಲು, ಮದ್ಯದಂಗಡಿಗಳ ಪೆಟ್ಟಿಗೆಗಳ ಮುಂದೆ ಜನ ಕಿಕ್ಕಿರಿದರು. ಮರುದಿನ ಟಿಕೆಟ್ಟಿನ ಕಿಂಡಿಯ ಮುಂದೆಯೂ ಕಿಕ್ಕಿರಿದರು. ಆದರೆ ಬೇಕಾದ್ದನ್ನು ಬೇಡವಾಗುವಷ್ಟು ಉಣಬಡಿಸುವುದು ಟೆಲಿವಿಷನ್ನಿನ ಜಾಯಮಾನ. ವಾರಕ್ಕೆ ಹಲವು ಸಲ ಅದೇ ಆಟ ಕಂಡ ಜನಕ್ಕೆ ಓಕರಿಕೆ ಬಂತು. 1951ರ ಹೊತ್ತಿಗೆ ರಾಷ್ಟ್ರೀಯ ಪ್ರಸಾರ ನಿಂತಿತು. ಮಂಡಲಿ ಕ್ಯಾಲಿಫೋರ್ನಿಯಕ್ಕೆ ಗಂಟುಮೂಟೆ ಕಟ್ಟಿತು.

ಅದನ್ನು ಮತ್ತೆ ಎಬ್ಬಿಸಿದವನು ಮಗ ಜೆರ್ರಿ ಸೆಲ್ಟ್‌ಜರ್. ಓಕ್‌ಲೆಂಡಿನ ಕೆಟಿವಿಯು ನಿಲಯ ಪಂದ್ಯಗಳನ್ನು ಆಗ ಹೊಸದಾಗಿದ್ದ ವಿಡಿಯೊ ಟೇಪಿನಲ್ಲಿ ಹಿಡಿಯುತ್ತಿತ್ತು. ಆ ಟೇಪುಗಳ ಪ್ರತಿಗಳನ್ನು ಅವನು ಊರೂರಿನ ನಿಲಯಗಳಿಗೆ ಹಂಚಿದ. ಪ್ರಸಾರದ ಕೊನೆಯಲ್ಲಿ ಕಾಗದ ಬರೆಯುವಂತೆ ಪ್ರೇಕ್ಷಕರಿಗೆ ಕೋರಿಕೆ. ಎಲ್ಲಿಂದ ಹೆಚ್ಚು ಕಾಗದ ಬರುತ್ತದೋ ಆ ಊರಿಗೇ ತಂಡಗಳ ಸವಾರಿ. 1972ರಲ್ಲಿ ಷಿಕಾಗೋದ ಕೊಮಿಸ್ಕಿ ಮೈದಾನದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದರು. ಇಷ್ಟಾದರೂ ಪತ್ರಿಕೆಗಳ ಕ್ರೀಡಾಪುಟದ ಸಂಪಾದಕರು ಇದರತ್ತ ತಿರುಗಿ ನೋಡಲು ಒಲ್ಲರು. ಅವರ ತಕರಾರು ಒಂದೇ: ಇದು ಆಟವಲ್ಲ, ನಾಟಕ.

ತಕರಾರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ನಾಯಕರ ತಂಡ, ಖಳರ ತಂಡ ಎಂಬ ವಿಭಾಗವಿತ್ತು; ಜಗಳಗಳಲ್ಲಿ ಅನೇಕವು ಹೇಳಿ ಮಾಡಿಸಿದವು; ಕೊನೆಯ ಗಳಿಗೆಯವರೆಗೆ ಅಂಕಗಳು ಹತ್ತಿರ ಹತ್ತಿರವೇ ಇರುವ ಪವಾಡ ರಾತ್ರಿ ರಾತ್ರಿಯೂ ನಡೆಯುತ್ತಿತ್ತು. ಆದರೆ ಗಾಲಿಗೂ ಹಲಗೆಗೂ ನಾಟಕ ತಿಳಿಯದು. ವೇಗವಾಗಿ ಬರುತ್ತಿರುವವಳನ್ನು ಭುಜದಿಂದ ತಳ್ಳಿದರೆ ಅವಳು ಬೀಳುವುದು ನಿಜವಾದ ಕಟಕಟೆಯ ಮೇಲೆ. ಮುರಿಯುವುದು ನಿಜವಾದ ಮೂಳೆ. ಗದೆ ಮರದ್ದೆಂದು ಗೊತ್ತಿದ್ದೂ ಬಯಲಾಟದಲ್ಲಿ ಭೀಮನ ಪ್ರವೇಶಕ್ಕೆ ಎದ್ದು ಕೂರುವ ನಮಗೆ ಈ ಇಬ್ಬಗೆ ಅಪರಿಚಿತವೇನಲ್ಲ. ನಮ್ಮ ಭೀಮ ಚೌಕಿಗೆ ಮರಳಿ ಬಣ್ಣ ಒರೆಸಿಕೊಂಡರೆ ಆಯಿತು. ಇವರಿಗೆ ಮುರಿದ ಮೂಗನ್ನು ಒರೆಸಿ ತೆಗೆಯುವಂತಿರಲಿಲ್ಲ.

ಮೂಗಿನ ಮಾತು ಬಂದಾಗ ಆನ್ ಕಲ್ವೆಲ್ಲೊ ನೆನಪಾಗುತ್ತಾಳೆ. 1929ರಲ್ಲಿ ಹುಟ್ಟಿ, ಹದಿಹರೆಯ ಮುಗಿಯುವ ಮೊದಲೇ ಗಾಲಿಯೇರಿದ ಈಕೆ ಖಳನಾಯಕಿಯರ ಪಟ್ಟದರಸಿ. ಅಮೆರಿಕದ ಗೃಹಿಣಿಯರು ಸಾಧುವಾಗಿ ಕೂದಲು ಸುರುಳಿ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಈಕೆ ಹಸಿರು, ನೇರಿಳೆ ಬಣ್ಣ ಬಳಿದುಕೊಂಡು ಇಳಿಯುವಳು. ಜನ ಬೈದಷ್ಟೂ ಹಿಗ್ಗುವಳು. ಮೂಗು ಹಲವು ಬಾರಿ ಮುರಿಯಿತು. ಎದುರಿಗೆ ಬೇ ಬಾಂಬರ್ಸ್ ತಂಡದ ಜೋನ್ ವೆಸ್ಟನ್: ನೀಳಕಾಯದ, ಹೊಂಗೂದಲಿನ, ಜನರ ಕಣ್ಮಣಿ. ಇವರಿಬ್ಬರ ಮುಖಾಮುಖಿಯನ್ನು ನೋಡಲೆಂದೇ ಮನೆಮಂದಿಯೆಲ್ಲ ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಹೆಣ್ಣಿನ ತೋಳಬಲ ನೋಡಲು ಆ ದಿನಗಳ ಟೆಲಿವಿಷನ್ನಿನಲ್ಲಿ ಬೇರೆ ಕಡೆ ಎಲ್ಲಿತ್ತು?

ಇಂಧನದ ಅಭಾವ, ಏರಿದ ಖರ್ಚುಗಳ ಕಾರಣದಿಂದ ಜೆರ್ರಿ 1973ರ ಕೊನೆಗೆ ಅಂಗಡಿ ಮುಚ್ಚಿದ. ಲಾಸ್ ಏಂಜಲಿಸಿನ ಪ್ರತಿಸ್ಪರ್ಧಿ ಬಿಲ್ ಗ್ರಿಫಿತ್ಸನ ಕಂಪನಿಯೂ ಬಹುಕಾಲ ಬಾಳಲಿಲ್ಲ. ಅದೇ ಗ್ರಿಫಿತ್ಸ್ ಹೊಸ ಪಾಲುದಾರರೊಡನೆ ಎಬ್ಬಿಸಿದ್ದೇ 1989ರ ಮೊಸಳೆಗಳ ಪ್ರದರ್ಶನ. ನನ್ನ ಓರಗೆಯವರು ಮುನಿಸಿಕೊಳ್ಳಬಾರದು. ಆ ಗೋಡೆ, ಆ ಹೊಂಡಗಳು ಆಟಗಾರರ ಮೈಯ ಮೇಲೆ ನಂಬಿಕೆ ಕಳೆದುಕೊಂಡವರ ಉಪಾಯಗಳೆಂದೇ ನನಗೆ ತೋರುತ್ತದೆ. ಅವರು ಇಂದಿಗೂ ನೆನೆಸಿಕೊಳ್ಳುವಾಗ ಮೊಸಳೆಯ ಮಾತಿನಿಂದ ಪ್ರಾರಂಭಿಸಿದರೂ, ಬಹುಬೇಗ ಯಾವಳು ಯಾವನನ್ನು ಹೇಗೆ ಉರುಳಿಸಿದಳು ಎಂಬಲ್ಲಿಗೆ ಬಂದುಬಿಡುತ್ತಾರೆ.

ಇಲ್ಲಿಯೇ ಚರಿತ್ರೆ ಬರೆಯುವವನ ಕಷ್ಟವಿದೆ. ಬೇಸ್‌ಬಾಲಿನ ಒಂದೊಂದು ಹೊಡೆತಕ್ಕೂ ಪತ್ರಿಕೆಗಳಲ್ಲಿ ದಾಖಲೆಯಿದೆ. ಕ್ರೀಡಾಪುಟದಲ್ಲಿ ಜಾಗ ಸಿಗದ ಈ ಆಟಕ್ಕೆ ಆ ಭಾಗ್ಯವಿಲ್ಲ. ಹಳೆಯ ಟೇಪುಗಳೂ ಎಲ್ಲ ಉಳಿದಿಲ್ಲ. ಹೀಗಾಗಿ ಮುದುಕರ ಹಂಬಲದ ಮಾತುಗಳೇ ಇದರ ಕಡತ. ಉತ್ಪ್ರೇಕ್ಷೆ ತುಂಬಿದ ಕಡತವೆನ್ನಿ. ಆದರೂ ಬೀಸಾಡಲು ನನಗೆ ಮನಸ್ಸು ಬಾರದು.

ವೆಸ್ಟನ್ 1997ರಲ್ಲಿ ತೀರಿಕೊಂಡಳು. ಕಲ್ವೆಲ್ಲೊ ಇಳಿವಯಸ್ಸಿನಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬುವ ಕೆಲಸ ಮಾಡುತ್ತಿದ್ದಳು, 2006ರಲ್ಲಿ ಹೋದಳು. ಅಷ್ಟರೊಳಗೆ, 2001ರ ಸುಮಾರಿಗೆ, ಟೆಕ್ಸಸ್ ಪ್ರಾಂತದ ಆಸ್ಟಿನ್ ನಗರದಲ್ಲಿ ಕೆಲವು ತರುಣಿಯರು ಈ ಆಟವನ್ನು ತಾವೇ ಕೈಗೆತ್ತಿಕೊಂಡಿದ್ದರು. ಇಳಿಜಾರು ಹಾದಿ ಕಟ್ಟಿಸಲು ಹಣ ಬೇಕು. ಆದ್ದರಿಂದ ಸಪಾಟು ನೆಲದ ಮೇಲೆಯೇ ಗೆರೆ ಎಳೆದು ಆಡುವ ಪದ್ಧತಿ ಹುಟ್ಟಿತು. ಅದೀಗ ಹಲವು ದೇಶಗಳಿಗೆ ಹಬ್ಬಿದೆ. ಗೆಲುವು ಸೋಲು ಮೊದಲೇ ನಿಶ್ಚಯವಾಗುವುದಿಲ್ಲ. ಮುಂದಿರುವವಳು ಸರದಿಯನ್ನು ಮುಗಿಸಬೇಕೆಂದಾಗ ಈಗಲೂ ಎರಡೂ ಕೈಗಳಿಂದ ಸೊಂಟವನ್ನು ತಟ್ಟುತ್ತಾಳೆ.